ಉತ್ತರದ ಪುಟ ಇನ್ನು ಮುಂದಿನ ಸಂಚಿಕೆಯಲ್ಲಿ: ಚಂದಾದಾರರಿಗೆ ಒಂದು ಪತ್ರ

ಮಾನ್ಯ ಚಂದಾದಾರರಿಗೆ ಹಾಗೂ ಅಂಗಡಿಯಲ್ಲಿ ಬಿಡಿ ಪ್ರತಿ ಕೊಂಡು ಬಿಡಿಸುವ ಎಲ್ಲ ಗೆಳೆಯರಿಗೆ ಮಡಿಕೇರಿಯಿಂದ ನಮಸ್ಕಾರ.

ಬರುವ ಜನವರಿಯಿಂದ ನಮ್ಮ ಪದಬಂಧ ಮತ್ತು ಒಗಟುಗಳ ಮಾಸಿಕ ಪುಸ್ತಿಕೆಯ ಕೊನೆಯ ಪುಟದಲ್ಲಿ ಉತ್ತರಗಳು ಇರುವುದಿಲ್ಲ. ಅವು ವಿವರಣೆಯೊಂದಿಗೆ ಮುಂದಿನ ತಿಂಗಳ ಸಂಚಿಕೆಯಲ್ಲಿ ಬರುತ್ತವೆ. ಅವುಗಳ ಬದಲು ಪ್ರತಿಯೊಂದು ಪ್ರಶ್ನೆಗೂ ಮೂರು ಹಂತದ ಸುಳಿವು ಕೊಡುತ್ತೇವೆ. ಬೆಲೆ ಹೆಚ್ಚುವುದಿಲ್ಲ, ಪುಟ ಕಡಿಮೆಯಾಗುವುದಿಲ್ಲ, ಅಂಚೆಗೆ ಹಾಕುವ ದಿನವೂ ಬದಲಾಗುವುದಿಲ್ಲ.

ಹಣ ಕೊಟ್ಟು ಕೊಳ್ಳುವವರಿಗೆ ಇಂತಹ ಬದಲಾವಣೆಯ ಕಾರಣ ತಿಳಿಯಬೇಕು. ಅದಕ್ಕಾಗಿ ಈ ಪತ್ರ ತುಸು ದೀರ್ಘವಾಗಿದೆ.

ಪದಬಂಧ ಬಿಡಿಸುವ ಯಾರಿಗೂ ಈ ಪರಿಸ್ಥಿತಿ ಹೊಸದಲ್ಲ. ಮುಕ್ಕಾಲು ಭಾಗ ತುಂಬಿದೆ, ಒಂದು ಮೂಲೆ ಮಾತ್ರ ಬಾಯಿ ಬಿಡುತ್ತಿಲ್ಲ. ಸುಮ್ಮನೆ ಬಿಟ್ಟು ಏಳಬೇಕು, ಇಲ್ಲವೇ ಕೊನೆಯ ಪುಟ ತಿರುಗಿಸಬೇಕು. ತಿರುಗಿಸುವುದು ಒಂದೇ ಪದಕ್ಕಾಗಿ. ಆದರೆ ಕಣ್ಣು ಒಂದೇ ಪದದ ಮೇಲೆ ನಿಲ್ಲುವುದಿಲ್ಲ. ಪಕ್ಕದ ಎರಡು ಮೂರು ಉತ್ತರಗಳೂ ಕಂಡುಬಿಡುತ್ತವೆ, ಅವನ್ನು ಬಿಡಿಸುವ ಸುಖ ಅಲ್ಲಿಗೆ ಮುಗಿಯಿತು. ಹೊಳೆಯದೇ ಕುಳಿತವರಿಗೂ ಉತ್ತರಕ್ಕೂ ನಡುವೆ ನಾವು ಮೆಟ್ಟಿಲೇ ಇಟ್ಟಿರಲಿಲ್ಲ. ಸುಳಿವುಗಳು ಆ ಮೆಟ್ಟಿಲು.

ಒಗಟು ಹೇಳುತ್ತಿದ್ದ ಹಿರಿಯರು ಈ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲರು. ‘ಮರದ ಮೇಲಿದೆ, ಹಕ್ಕಿಯಲ್ಲ, ಮೂರು ಕಣ್ಣಿದೆ, ಶಿವನಲ್ಲ, ನೀರು ತುಂಬಿದೆ, ಕೊಡವಲ್ಲ’ ಎಂಬ ಹಳೆಯ ಒಗಟನ್ನೇ ನೋಡಿ. ಒಂದೊಂದು ತುಣುಕೂ ಒಂದು ತಪ್ಪು ಊಹೆಯನ್ನು ಮೊದಲು ಎಬ್ಬಿಸಿ, ಕೂಡಲೇ ಅದನ್ನು ತಳ್ಳಿಹಾಕುತ್ತದೆ. ಮೂರನೆಯ ತುಣುಕಿಗೆ ಬರುವಷ್ಟರಲ್ಲಿ ತೆಂಗಿನಕಾಯಿಯ ಹೊರತು ಬೇರೇನೂ ಉಳಿಯುವುದಿಲ್ಲ. ಸುಳಿವು ಒಗಟಿನ ಒಳಗೇ ಹಂತ ಹಂತವಾಗಿ ಕೂತಿದೆ. ಮಗು ಸೋತೆ ಎಂದು ಒಪ್ಪಿಕೊಳ್ಳುವವರೆಗೆ ಅಜ್ಜಿ ಉತ್ತರ ಹೇಳುತ್ತಿರಲಿಲ್ಲ, ಆದರೆ ಮಗುವನ್ನು ಕತ್ತಲಲ್ಲಿಯೂ ಬಿಡುತ್ತಿರಲಿಲ್ಲ. ಅರ್ಥವನ್ನು ಒಗಟಿನಂತೆ ಅಡಗಿಸಿಟ್ಟ ಅಲ್ಲಮಪ್ರಭುವಿನ ಬೆಡಗಿನ ವಚನಗಳಿಗಾಗಲಿ ಕನಕದಾಸರ ಮುಂಡಿಗೆಗಳಿಗಾಗಲಿ ಕೆಳಗಡೆ ಉತ್ತರ ಬರೆದಿರಲಿಲ್ಲ. ವಚನಗಳಿಗೆ ಅರ್ಥ ವಿವರಿಸುವ ಟೀಕೆ ಬರೆದವರು ನಂತರ ಬಂದರು. ಕೇಳಿದವರು ಮೊದಲು ತಾವೇ ಯೋಚಿಸಬೇಕಿತ್ತು.

ಹೊಸ ಕ್ರಮ ಹೇಗಿರುತ್ತದೆ ಎಂಬುದಕ್ಕೆ ಜನವರಿ ಸಂಚಿಕೆಗಾಗಿ ಸಿದ್ಧಪಡಿಸಿ, ಈ ಪತ್ರಕ್ಕೆಂದೇ ತೆಗೆದಿಟ್ಟ ಒಂದು ಪ್ರಶ್ನೆ ಇಲ್ಲಿದೆ: ‘ಆನೆಯ ಹಿಂದೆಯೇ ಖಾರ ಬಂದರೆ ತೋಟದ ಬಳ್ಳಿಗೆ ಬೆಲೆ (5)’. ಆವರಣದಲ್ಲಿರುವುದು ಉತ್ತರದ ಮನೆಗಳ, ಅಂದರೆ ಅಕ್ಷರ ತುಂಬುವ ಚೌಕಗಳ ಸಂಖ್ಯೆ. ಬೇಕಿದ್ದರೆ ಇಲ್ಲೇ ಓದು ನಿಲ್ಲಿಸಿ ಯೋಚಿಸಿ. ಇದಕ್ಕೆ ನಾವು ಕೊಡುವ ಮೊದಲ ಸುಳಿವು: ಈ ಆನೆಯನ್ನು ಕಾಡಿನಲ್ಲಿ ಹುಡುಕಬೇಡಿ, ನಿಘಂಟಿನಲ್ಲಿ ಹುಡುಕಿ. ಎರಡನೆಯದು: ಆ ಬಳ್ಳಿ ಸಿಲ್ವರ್ ಓಕ್ ಮರಗಳನ್ನು ತಬ್ಬಿಕೊಂಡು ಬೆಳೆಯುತ್ತದೆ. ಮೂರನೆಯದು: ಮೂರನೆಯ ಮನೆಯಲ್ಲಿ ‘ಮೆ’ ಇದೆ. ಉತ್ತರ ಕರಿಮೆಣಸು, ಕರಿ ಎಂದರೆ ಆನೆ ಎಂಬುದು ನೆನಪಾದ ಮೇಲೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೊದಲ ಸುಳಿವು ಪ್ರಶ್ನೆಯನ್ನು ಹೇಗೆ ಓದಬೇಕು ಎನ್ನುತ್ತದೆ, ಎರಡನೆಯದು ಅರ್ಥಕ್ಕೆ ಹತ್ತಿರ ಕರೆತರುತ್ತದೆ, ಕೊನೆಯದು ಅಕ್ಷರವನ್ನೇ ಕೈಗಿಡುತ್ತದೆ. ಎಲ್ಲ ಪ್ರಶ್ನೆಗಳಿಗೂ ಇದೇ ಅನುಕ್ರಮ.

ಅಕ್ಷರವನ್ನು ಕೊನೆಗೆ ಇಟ್ಟಿರುವುದಕ್ಕೆ ಬಲವಾದ ಕಾರಣವಿದೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್‌ನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಪದಬಂಧ 26 ಅಕ್ಷರಗಳ ಭಾಷೆಗಾಗಿ ಹುಟ್ಟಿದ್ದು. ಅಲ್ಲಿ ಒಂದು ಅಕ್ಷರ ಸಿಕ್ಕರೆ ಸಿಗುವುದು ಅಲ್ಪ. ಕನ್ನಡದಲ್ಲಿ ಹಾಗಲ್ಲ. ನಮ್ಮ 34 ವ್ಯಂಜನಗಳಿಗೂ ಕಾಗುಣಿತವಿದೆ, ಅದರ ಮೇಲೆ ಒತ್ತಕ್ಷರಗಳಿವೆ. ಒಂದು ಮನೆಯಲ್ಲಿ ‘ಮೆ’ ಎಂದು ತಿಳಿದರೆ ವ್ಯಂಜನವೂ ಸ್ವರವೂ ಒಟ್ಟಿಗೆ ತಿಳಿದಂತೆ. ಐದು ಮನೆಯ ಪದದಲ್ಲಿ ಇಂತಹ ಎರಡು ಸಿಕ್ಕರೆ ಅನುಭವಿಗಳು ಪ್ರಶ್ನೆ ಓದದೆಯೇ ಪದ ಹೇಳಿಬಿಡುತ್ತಾರೆ. ಪೊನ್ನಂಪೇಟೆಗೆ ನಮ್ಮಲ್ಲಿ ನಾಲ್ಕೇ ಮನೆ. ‘ನ್ನಂ’ ಒಂದೇ ಮನೆಯಲ್ಲಿ ಕೂರುತ್ತದೆ. ಅದೊಂದನ್ನು ಬಿಟ್ಟುಕೊಟ್ಟರೆ ಇನ್ನು ಬಿಡಿಸಲು ಏನು ಉಳಿಯಿತು? ಕನ್ನಡದ ಚೌಕಟ್ಟಿನಲ್ಲಿ ಕಪ್ಪು ಮನೆಗಳು ಹೆಚ್ಚು ಕಾಣುವುದಕ್ಕೂ ಇದೇ ಕಾರಣ. ಇಷ್ಟು ಬಗೆಯ ಅಕ್ಷರಗಳಲ್ಲಿ ಅಡ್ಡ ಪದಕ್ಕೂ ಉದ್ದ ಪದಕ್ಕೂ ಒಂದೇ ಅಕ್ಷರ ಒಪ್ಪುವ ಜಾಗ ಸಿಗುವುದೇ ಕಷ್ಟ.

ಅಕ್ಷರಗಳ ಈ ಗುಣವೇ ಬೇರೆ ಆಟಗಳಿಗೆ ದಾರಿ ಮಾಡಿಕೊಡುತ್ತದೆ. ‘ಹಿಂದಕ್ಕೆ ತಿರುಗಿದ ದಿನ ಹರಿಯತೊಡಗಿತು (2)’ ಎಂದರೆ ನದಿ. ಹೊಸಬರು ಇಂತಹ ಪ್ರಶ್ನೆಯ ಮುಂದೆ ಹೆದರಿ ಕೈಬಿಡುತ್ತಾರೆಂದು ಇವನ್ನು ಇದುವರೆಗೆ ಕಡಿಮೆ ಹಾಕುತ್ತಿದ್ದೆವು. ‘ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದಿ’ ಎಂಬ ಮೊದಲ ಸುಳಿವು ಜೊತೆಗಿದ್ದರೆ ಹತ್ತನೇ ತರಗತಿಯ ವಿದ್ಯಾರ್ಥಿಯೂ ಇವನ್ನು ಬಿಡಿಸಬಲ್ಲ. ಹೀಗಾಗಿ ಇನ್ನು ಮುಂದೆ ಧೈರ್ಯವಾಗಿ ಹೆಚ್ಚು ಹಾಕುತ್ತೇವೆ.

ಸುಳಿವುಗಳನ್ನು ಅಚ್ಚು ಮಾಡುವ ರೀತಿಯಲ್ಲೂ ಎಚ್ಚರ ವಹಿಸಿದ್ದೇವೆ. ಮೊದಲ ಹಂತದವು ನಡುಪುಟದಲ್ಲಿ, ಎರಡನೆಯವು ಅದರ ಹಿಂಬದಿಯಲ್ಲಿ, ಮೂರನೆಯವು ಕೊನೆಯ ಪುಟದಲ್ಲಿ. ಪ್ರಶ್ನೆಗಳ ಸಂಖ್ಯೆಯನ್ನು ಅಲ್ಲಿ ಬೇಕೆಂದೇ ಹಿಂದು ಮುಂದಾಗಿ ಜೋಡಿಸಿದ್ದೇವೆ. ಏಳನೆಯದನ್ನು ನೋಡಲು ಹೋದಾಗ ಎಂಟನೆಯದು ಕಣ್ಣಿಗೆ ಬೀಳಬಾರದು.

ಉತ್ತರ ತಡವಾಗಿ ಬರುವುದರಿಂದ ಇನ್ನೊಂದು ಲಾಭವಿದೆ. ನನಗೆ ವೈಯಕ್ತಿಕವಾಗಿ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಡುವುದು ಇದು. ‘ಕೈಯಿಲ್ಲ ಕಾಲಿಲ್ಲ, ಊರೆಲ್ಲ ಸುತ್ತುತ್ತದೆ’ ಎಂಬ ಒಗಟಿಗೆ ಗಾಳಿ ಎಂದರೂ ಸರಿ, ಸುದ್ದಿ ಎಂದರೂ ಸರಿ, ದುಡ್ಡು ಎಂದರೂ ಅಲ್ಲಗಳೆಯಲಾಗದು. ಪುಸ್ತಿಕೆಯ ಕೊನೆಯಲ್ಲಿ ‘ಗಾಳಿ’ ಎಂದು ಅಚ್ಚಾಗಿದ್ದರೆ ಸುದ್ದಿ ಎಂದು ಬರೆದವರು ತಮ್ಮದನ್ನು ಅಳಿಸಿಬಿಡುತ್ತಾರೆ. ನಮಗೆ ಆ ಎರಡನೆಯ ಉತ್ತರ ಬೇಕು. ಒಂದು ತಿಂಗಳ ಬಿಡುವಿನಲ್ಲಿ ನೀವು ಬರೆದು ಕಳಿಸಿದರೆ, ಒಪ್ಪುವಂತಹವನ್ನು ನಮ್ಮ ಉತ್ತರದ ಪಕ್ಕದಲ್ಲೇ ನಿಮ್ಮ ಹೆಸರಿನೊಂದಿಗೆ ಪ್ರಕಟಿಸುತ್ತೇವೆ. ಒಪ್ಪದಿದ್ದರೆ ಏಕೆ ಎಂಬುದನ್ನೂ ಬರೆಯುತ್ತೇವೆ.

ಮಳೆಗಾಲಕ್ಕೆ ಮಾತ್ರ ಈ ನಿಯಮ ಹೊಂದುವುದಿಲ್ಲ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಅಂಚೆ ಎಂದು ತಲುಪುತ್ತದೆ ಎಂದು ಹೇಳುವಂತಿಲ್ಲ. ಮರ ಬಿದ್ದರೆ, ಬರೆ (ದಾರಿ ಬದಿಯ ಮಣ್ಣಿನ ದಿಬ್ಬ) ಜರಿದರೆ ದಾರಿಯೇ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ಇಲ್ಲಿನವರು ಯಾರೂ ಮರೆತಿಲ್ಲ. ಕರೆಂಟಿಲ್ಲದ ಸಂಜೆ ಮೇಣದಬತ್ತಿ ಹಚ್ಚಿ ಬಿಡಿಸುತ್ತಿರುವವರಿಗೆ ಮುಂದಿನ ಸಂಚಿಕೆ ಬರುವವರೆಗೆ ಕಾಯಿರಿ ಎನ್ನುವುದು ನ್ಯಾಯವಲ್ಲ. ಆ ಮೂರು ಸಂಚಿಕೆಗಳಲ್ಲಿ ಉತ್ತರದ ಹಾಳೆ ಜೊತೆಗೇ ಬರುತ್ತದೆ, ಮಡಚಿ ಅಂಟಿಸಿರುತ್ತೇವೆ. ಬಿಚ್ಚುವುದೂ ಬಿಡುವುದೂ ನಿಮ್ಮ ಇಷ್ಟ.

ವಯಸ್ಸಾದವರು, ಆಸ್ಪತ್ರೆಯಲ್ಲಿರುವವರಿಗಾಗಿ ಪುಸ್ತಿಕೆ ತರಿಸುವವರು, ತರಗತಿಯಲ್ಲಿ ಬಳಸುವ ಶಿಕ್ಷಕರು ಉತ್ತರ ಆಗಲೇ ಬೇಕೆಂದರೆ ಒಂದು ಅಂಚೆ ಕಾರ್ಡ್ ಬರೆದರೆ ಸಾಕು. ವರ್ಷವಿಡೀ ಅಂಟಿಸಿದ ಹಾಳೆಯನ್ನೇ ಕಳುಹಿಸುತ್ತೇವೆ. ಕಾರಣ ತಿಳಿಸಬೇಕಾಗಿಲ್ಲ, ಹೆಚ್ಚಿನ ಹಣವೂ ಬೇಡ.

ಇದರ ಜೊತೆಗೆ ಚಿಕ್ಕದೊಂದು ಬದಲಾವಣೆ. ಕೊಡಗಿನಲ್ಲಿ ಆಡುವ ಕೊಡವ ತಕ್ಕ್ ಮತ್ತು ಅರೆಭಾಷೆಯ ಪದಗಳು ಇದುವರೆಗೆ ಮುಖ್ಯ ಪದಬಂಧದಲ್ಲೇ ಬೆರೆತಿದ್ದವು. ಕಾಚಂಪುಳಿ (ಅಡುಗೆಗೆ ಹಾಕುವ ಹುಳಿ), ಐನ್‌ಮನೆ (ಕುಟುಂಬದ ಮೂಲಮನೆ) ಎಂದರೆ ನಮಗೆ ಸಲೀಸು. ಧಾರವಾಡದಲ್ಲೋ ಕೋಲಾರದಲ್ಲೋ ಕುಳಿತ ಚಂದಾದಾರರಿಗೆ ಅಲ್ಲ. ಇನ್ನು ಅವುಗಳಿಗೆ ಪ್ರತ್ಯೇಕ ಪುಟ ಇರುತ್ತದೆ. ಆ ಪುಟದ ಸುಳಿವುಗಳಲ್ಲಿ ವಸ್ತುವಿನ ಪರಿಚಯವೂ ಇರುವುದರಿಂದ ಹೊರಗಿನವರೂ ಪ್ರಯತ್ನಿಸಬಹುದು.

ಈಗಾಗಲೇ ಚಂದಾ ಕಟ್ಟಿರುವವರು ಏನೂ ಮಾಡಬೇಕಾಗಿಲ್ಲ. ಡಿಸೆಂಬರ್ ಸಂಚಿಕೆಯ ಉತ್ತರಗಳು ಎಂದಿನಂತೆ ಅದರಲ್ಲೇ ಇರುತ್ತವೆ. ಅಂಗಡಿಯಲ್ಲಿ ಬಿಡಿ ಪ್ರತಿ ಕೊಳ್ಳುವವರಿಗೆ ಮುಂದಿನ ಸಂಚಿಕೆ ಸಿಗದೆ ಹೋದರೆ, ಅದೇ ಅಂಗಡಿಯಲ್ಲಿ ಉತ್ತರದ ಹಾಳೆ ಮಾತ್ರ ಉಚಿತವಾಗಿ ಕೇಳಿ ಪಡೆಯಬಹುದು. ಹೊಸ ಕ್ರಮ ಹಿಡಿಸದಿದ್ದರೆ ಮಾರ್ಚ್ ಕೊನೆಯೊಳಗೆ ತಿಳಿಸಿ, ಉಳಿದ ತಿಂಗಳುಗಳ ಹಣವನ್ನು ಹಿಂದಿರುಗಿಸುತ್ತೇವೆ. ಪತ್ರಗಳನ್ನು ಪುಸ್ತಿಕೆಯ ಹಿಂಬದಿಯಲ್ಲಿರುವ ವಿಳಾಸಕ್ಕೇ ಕಳುಹಿಸಿ. ಯಾವ ಸುಳಿವು ಅತಿಯಾಯಿತು, ಯಾವುದು ಸಾಲದಾಯಿತು ಎಂಬುದನ್ನು ಪ್ರಶ್ನೆಯ ಸಂಖ್ಯೆಯೊಂದಿಗೆ ಬರೆದರೆ ಏಪ್ರಿಲ್ ಸಂಚಿಕೆ ಸಿದ್ಧಪಡಿಸುವಾಗ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಪದಬಂಧ ರಚನಾ ಬಳಗದ ಪರವಾಗಿ
ಮಡಿಕೇರಿ