ಕುಸುಬೆ ಹೂವಿಗೂ ಬೆಲೆ ಸಿಗಲಿ

ಮಾನ್ಯರೇ,

ನಮ್ಮ ಎರೆ ಹೊಲದಲ್ಲಿ ಬಿಳಿಜೋಳದ ಅಂಚಿಗೆ ಕುಸುಬೆ ಹಾಕುವುದು ಅಜ್ಜನ ಕಾಲದ ರೂಢಿ. ಕಾಳು ಗಾಣಕ್ಕೆ, ಹೂವು ಮಣ್ಣಿಗೆ. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಇದೇ ಹೂವು ಔಷಧಿ. ಹಳದಿ ಎಸಳು ಕೆಂಪಿಗೆ ತಿರುಗಿದಾಗ, ಇಬ್ಬನಿಗೆ ಮುಳ್ಳು ಮೆತ್ತಗಿರುವ ನಸುಕಿನಲ್ಲೇ ಕೀಳಬೇಕು. ಒಣಗಿದ ಎಸಳನ್ನು ನೀರಿಗೆ ಹಾಕಿದರೆ ನೀರು ಬಂಗಾರದ ಬಣ್ಣಕ್ಕೆ ಬರಬೇಕು, ಎಸಳು ಮಾತ್ರ ಬಿಳಿಚಬಾರದು. ಅಲ್ಲಿನ ಔಷಧ ಸಂಹಿತೆಯ ಪ್ರಕಾರ ಒಣ ಹೂವಿನಲ್ಲಿ ಹೈಡ್ರಾಕ್ಸಿ ಸ್ಯಾಫ್ಲರ್ ಯೆಲ್ಲೋ ಎ ಎಂಬ ಹಳದಿ ಬಣ್ಣದ ಅಂಶ ಕನಿಷ್ಠ ಶೇ 1ರಷ್ಟು ಇರಬೇಕು.

ನಾನು ನೆರಳಲ್ಲಿ ಒಣಗಿಸಿದ ಹೂವನ್ನು ನೋಡಿದ ಅಡತಿ ವ್ಯಾಪಾರಿಯೊಬ್ಬರು, ‘ಕೇಸರಿಗೆ ಬೆರೆಸುವವರಿಗೆ ಕೊಡಿ’ ಎಂದು ನಕ್ಕರು. ಕಲಬೆರಕೆಗೆಂದು ನಾನೇಕೆ ಬೆಳೆಯಲಿ? ಹೂವಿನ ಗುಣಮಟ್ಟ ಪರೀಕ್ಷೆ ಕಲಬುರಗಿಯಲ್ಲೇ ರೈತರ ಕೈಗೆಟಕುವಂತೆ ಕೃಷಿ ಇಲಾಖೆ ನೋಡಿಕೊಳ್ಳಲಿ. ಮುಳ್ಳಿಲ್ಲದ ತಳಿಯ ಬೀಜವನ್ನೂ ಹಿಂಗಾರು ಬಿತ್ತನೆಗೆ ಮುನ್ನವೇ ವಿತರಿಸಲಿ.

– ಒಬ್ಬ ರೈತ, ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ