ಭರತ್‌ಪುರದ ಡಾಬಾದ ಅಕ್ಕನಿಗೆ, ಮತ್ತೆ ನಿಮಗೆಲ್ಲ

ನಾವೆಲ್ಲ ಮನೆ ಸೇರಿದ್ದೇವೆ. ಅಮ್ಮ ಚೆನ್ನಾಗಿದ್ದಾರೆ. ಹಿಮಾಲಯದ ದಾರಿಯಲ್ಲಿ ಅಮ್ಮನಿಗೆ ಹುಷಾರು ತಪ್ಪಿದ್ದು ಕೇಳಿ ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ಹೋದಮೇಲೆ ನಮ್ಮ ಮನೆ ಹೇಗಿತ್ತು ಅಂತ ನಿಮಗೆ ಗೊತ್ತೇ ಇದೆ. ಅದನ್ನೆಲ್ಲ ಮತ್ತೆ ಹೇಳಲ್ಲ. ಅಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್. ಶಿರಾಡಿ, ಚಾರ್ಮಾಡಿ ಹತ್ತಿ ಇಳಿದೇ ಸರ್ವಿಸ್ ಮುಗಿಸಿದವರು. "ಒಂದ್ಸಲ ಹಿಮಾಲಯದ ಘಾಟಿ ನೋಡ್ಬೇಕು ಕಣೇ. ಬೇರೆ ಯಾರಾದ್ರೂ ಓಡಿಸ್ಲಿ, ನಾನು ಹಿಂದೆ ಕಾಲು ಚಾಚ್ಕೊಂಡು ಕೂತಿರ್ತೀನಿ" ಅನ್ನುತ್ತಿದ್ದರು. ಅದಕ್ಕೇ ಈ ಕ್ಯಾಂಪರ್ ಪ್ರವಾಸ. ಮನಾಲಿಯಿಂದ ಲೇಹ್‌ಗೆ ಅಂತ ಅಮ್ಮ, ನಾನು, ನಮ್ಮವರು, ಮಕ್ಕಳು ಜೂನ್‌ನಲ್ಲಿ ಹೊರಟೆವು.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಟೆಂಪೋ ಟ್ರಾವೆಲರ್ ಒಳಗೇ ಹಾಸಿಗೆ, ಸಿಂಕು, ಗ್ಯಾಸ್ ಒಲೆ. ಅಟಲ್ ಸುರಂಗದ ಈ ಬದಿ ದೇವದಾರು, ಮಳೆ, ಹಸಿರು. ಒಂಬತ್ತು ಕಿಲೋಮೀಟರ್ ಕತ್ತಲು ದಾಟಿ ಆ ಬದಿ ಬಂದರೆ ಲಾಹೌಲ್, ಬರೀ ಬೋಳು ಬೆಟ್ಟ, ಕೆಳಗೆ ಬಟಾಣಿ, ಆಲೂಗಡ್ಡೆ ಹೊಲ. 2020ರಲ್ಲಿ ಸುರಂಗ ತೆರೆಯುವವರೆಗೆ ಮನಾಲಿಯಿಂದ ಎಲ್ಲರೂ ರೋಹ್ತಾಂಗ್ ಘಾಟಿ ಹತ್ತಿಯೇ ಬರಬೇಕಿತ್ತಂತೆ. ಜಿಸ್ಪಾದಲ್ಲಿ ಭಾಗಾ ನದಿ ಪಕ್ಕ ಗಾಡಿ ನಿಲ್ಲಿಸಿಕೊಂಡು, ಎತ್ತರಕ್ಕೆ ಮೈ ಒಗ್ಗಲಿ ಅಂತ ಆರಾಮಾಗಿ ಇದ್ದೆವು. ಅಮ್ಮ ಚಿತ್ರಾನ್ನ ಮಾಡಿದರು. ಗಾಡಿ ಹೊರಟರೆ ಅವರ ಕಣ್ಣೆಲ್ಲ ಡ್ರೈವರ್ ಭಯ್ಯಾನ ಕೈ ಮೇಲೆ. "ಇಲ್ಲಿ ಸೆಕೆಂಡ್ ಗೇರಲ್ಲೇ ಇಳೀಬೇಕು ಅಂತ ಹೇಳೇ ಅವನಿಗೆ." ನಾನು ಹೇಳಲಿಲ್ಲ. ಆದರೆ ಅವರು ಪ್ರತಿ ಸಲವೂ ಸೆಕೆಂಡ್ ಗೇರಲ್ಲೇ ಇಳಿಸಿದರು. ಅಮ್ಮನಿಗೆ ಅಲ್ಲಿಂದ ಅವರ ಮೇಲೆ ಬಹಳ ಗೌರವ.

ಬಾರಾಲಾಚಾ ಘಾಟಿ 16 ಸಾವಿರ ಅಡಿ ಎತ್ತರ. ಅದನ್ನು ದಾಟಿ ಸ್ವಲ್ಪ ಇಳಿದರೆ ಭರತ್‌ಪುರ. ಊರಲ್ಲ, ಬೇಸಿಗೆಗೆ ಎದ್ದು ಚಳಿಗೆ ಮಡಚುವ ಡಾಬಾ ಟೆಂಟುಗಳ ಸಾಲು. ನಾವು ಅಲ್ಲಿ ಉಳಿಯುವವರೇ ಅಲ್ಲ. ಆದರೆ ಮುಂದೆ ರಸ್ತೆಗೆ ಅಡ್ಡ ಹರಿಯುವ ಹಳ್ಳ ಉಕ್ಕಿತ್ತು. ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುತ್ತೆ, ರಾತ್ರಿ ಹೆಪ್ಪುಗಟ್ಟಿ ಬೆಳಗ್ಗೆ ಇಳಿಯುತ್ತೆ, ಅಲ್ಲಿ ದಿನಾ ಹೀಗೇ. ಹಳ್ಳದ ಮಧ್ಯೆ ಒಂದು ಲಾರಿ ಸಿಕ್ಕಿಕೊಂಡಿತ್ತು. ವಾಪಸ್ ಹೋಗೋಣ ಅಂದರೆ ಘಾಟಿ ಮೇಲೆ ಹಿಮ ಬೀಳಲು ಶುರುವಾಗಿತ್ತು. ಮುಂದೂ ಇಲ್ಲ, ಹಿಂದೂ ಇಲ್ಲ. ಕತ್ತಲಾಗುವ ಹೊತ್ತಿಗೆ ಅಮ್ಮನಿಗೆ ತಲೆನೋವು, ಆಮೇಲೆ ವಾಂತಿ, ಆಮೇಲೆ ಏದುಸಿರು. ಕ್ಯಾಂಪರ್‌ನ ಹೀಟರ್ ಹತ್ತಲೇ ಇಲ್ಲ. ಬಾಡಿಗೆಗೆ ಕೊಟ್ಟವರು ಅದರ ಬಗ್ಗೆ ಉದ್ದಕ್ಕೆ ಹೇಳಿದ್ದರು, ಇರಲಿ.

ಎದುರಿನ ಟೆಂಟಿನ ಅಕ್ಕ ಚಹಾ ಕೊಡಲು ಬಂದವರು ಗಾಡಿಯೊಳಗೆ ಬಗ್ಗಿ ನೋಡಿದರು. ಅಮ್ಮನ ಮುಖ ನೋಡಿದ್ದೇ ತಡ, ನಮ್ಮನ್ನು ಏನೂ ಕೇಳಲಿಲ್ಲ. ನಮ್ಮವರನ್ನು ಕರೆದು, ಇಬ್ಬರೂ ಸೇರಿ ಅಮ್ಮನನ್ನು ತಮ್ಮ ಟೆಂಟಿಗೆ ಎತ್ತಿಕೊಂಡು ಹೋದರು. ಅಲ್ಲಿ ಗೋಡೆ ಉದ್ದಕ್ಕೂ ಹಾಸಿಗೆ ಸಾಲು, ನಡುವೆ ತಗಡಿನ ಒಲೆ. ಅಮ್ಮನನ್ನು ಮಲಗಲು ಬಿಡಲಿಲ್ಲ. ಬೆನ್ನಿಗೆ ರಜಾಯಿ ಮಡಚಿಟ್ಟು ಕೂರಿಸಿದರು. ಡ್ರೈವರ್ ಭಯ್ಯಾನ ಹತ್ತಿರ ಇದ್ದ ಆಕ್ಸಿಜನ್ ಸಿಲಿಂಡರ್ ತರಿಸಿ, ಮಾಸ್ಕ್ ತಾವೇ ಕಟ್ಟಿದರು. ಬೆಳ್ಳುಳ್ಳಿ ಸೂಪು ಮಾಡಿ ಚಮಚ ಚಮಚ ಕುಡಿಸಿದರು. ಖಾಲಿ ರಮ್ ಬಾಟಲಿಗೆ ಬಿಸಿನೀರು ತುಂಬಿ, ಉಣ್ಣೆ ಕಾಲುಚೀಲದೊಳಗೆ ತೂರಿಸಿ ಅಮ್ಮನ ಪಾದಕ್ಕೆ ಇಟ್ಟರು. ನಮ್ಮನೆಯಲ್ಲಿ ಬ್ರಾಂದಿ ಅನ್ನೋ ಮಾತೂ ಆಡಬಾರದು. ಅಂಥ ಅಮ್ಮ ಇಡೀ ರಾತ್ರಿ ರಮ್ ಬಾಟಲಿ ಅಪ್ಪಿಕೊಂಡಿದ್ದರು.

ನಡುರಾತ್ರಿ ಅಮ್ಮ ನನ್ನ ಮುಖ ನೋಡಿ, "ಹಾಸನದ ಬಸ್ಸು ಹೊರಟ್ಹೋಯ್ತಾ? ನಿಮ್ಮಪ್ಪ ಎಲ್ಲಿ?" ಅಂದರು. ನನಗೆ ಕೈಕಾಲು ಆಡಲಿಲ್ಲ. ಅಕ್ಕನಿಗೆ ಕನ್ನಡ ಬರಲ್ಲ, ಆದರೆ ನನ್ನ ಮುಖ ಓದಿಕೊಂಡರು. ಸಿಲಿಂಡರ್ ತಿರುಪು ಇನ್ನಷ್ಟು ಬಿಚ್ಚಿ, ಅಮ್ಮನ ಎರಡೂ ಕೈ ಹಿಡಿದು ಮಾತಿಗೆ ಎಳೆದರು. ಅವರದು ಪಹಾಡಿ ಹಿಂದಿ, ಅಮ್ಮನದು ಅರಕಲಗೂಡು ಕನ್ನಡ. ಇವರು ಸೊಸೆ ವಿಷಯ ಹೇಳಿದರೆ ಅವರು ಕುರಿ ವಿಷಯ ಹೇಳುತ್ತಿದ್ದರೋ ಏನೋ. ಅಮ್ಮನ ಕಣ್ಣು ಮುಚ್ಚಿದರೆ ಸಾಕು, ಕೆನ್ನೆ ತಟ್ಟಿ "ಅಮ್ಮಾ, ಬೋಲೋ" ಅನ್ನುತ್ತಿದ್ದರು.

ಅಪ್ಪನ ಕೊನೇ ರಾತ್ರಿ ನನ್ನನ್ನು ಐಸಿಯು ಒಳಗೆ ಬಿಡಲಿಲ್ಲ. ಹೊರಗೆ ಕಬ್ಬಿಣದ ಕುರ್ಚಿ ಮೇಲೆ ಕೂತಿದ್ದೆ. ಅಪ್ಪನ ಕೈ ಯಾರಾದರೂ ಹಿಡಿದುಕೊಂಡಿದ್ದರಾ ಅಂತ ಇವತ್ತಿಗೂ ಗೊತ್ತಿಲ್ಲ. ಇದನ್ನು ನಿಮ್ಮಲ್ಲಿ ಯಾರ ಹತ್ತಿರವೂ ಹೇಳಿರಲಿಲ್ಲ. ಆ ಟೆಂಟಲ್ಲಿ ಹೊಗೆ, ಸೀಮೆಎಣ್ಣೆ ವಾಸನೆ, ಆಚೆ ಸಾಲಲ್ಲಿ ಲಾರಿಯವರ ಗೊರಕೆ. ಆದರೂ ನಾನು ಒಳಗಿದ್ದೆ. ಅಮ್ಮನ ಒಂದು ಕೈ ನನ್ನ ಹತ್ತಿರ, ಇನ್ನೊಂದು ಅಕ್ಕನ ಹತ್ತಿರ.

ಬೆಳಕು ಹರಿದ ಮೇಲೆ ಅಮ್ಮ ತಾವಾಗೇ ಕಾಫಿ ಕೇಳಿದರು. ಅಕ್ಕ ಆಗ ಎದ್ದು, ಒಂದು ಗಳಿಗೆಯೂ ಮಲಗದೆ ಲಾರಿಯವರಿಗೆ ಪರಾಠಾ ಬೇಯಿಸಲು ಕೂತರು. ಹೊರಡುವಾಗ ಮ್ಯಾಗಿ, ಆಮ್ಲೆಟ್, ಹಾಸಿಗೆ ಎಲ್ಲ ಲೆಕ್ಕ ಹಾಕಿ ದುಡ್ಡು ತಗೊಂಡರು, ಒಂದು ರೂಪಾಯಿ ಬಿಡಲಿಲ್ಲ. ರಾತ್ರಿಗೆ ಅಂತ ಏನಾದರೂ ಕೊಡಲು ಹೋದರೆ ಬೈದರು. ಅಮ್ಮ ಕೋಡುಬಳೆಯ ಸ್ಟೀಲ್ ಡಬ್ಬವನ್ನು ಡಬ್ಬದ ಸಮೇತ ಕೊಟ್ಟರು. ಅಮ್ಮ ಸ್ಟೀಲ್ ಡಬ್ಬ ವಾಪಸ್ ಕೇಳದೆ ಕೊಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಘಾಟಿ ಮೇಲಿನ ಹಿಮ ತೆಗೆದು ದಾರಿ ಬಿಡಿಸಿದವರು ಗಡಿ ರಸ್ತೆಗಳನ್ನು ನೋಡಿಕೊಳ್ಳುವ ಬಿಆರ್‌ಒದವರು. ಅವರ ಜೊತೆ ಜಾರ್ಖಂಡ್‌ನಿಂದ ಬಂದ ಕೂಲಿ ಹುಡುಗರಿದ್ದರು, ತೆಳ್ಳನೆ ಸ್ವೆಟರು, ಕೈಯಲ್ಲಿ ಸಲಿಕೆ. ಅವರಿಗೂ ದೊಡ್ಡ ನಮಸ್ಕಾರ. ಕೇಲಾಂಗ್ ಆಸ್ಪತ್ರೆಯವರಿಗೆ, ರಜೆ ಮುಂದುವರಿಸಿದ ನನ್ನ ಆಫೀಸಿನವರಿಗೆ, ದಿನಾ ಗಿಡಕ್ಕೆ ನೀರು ಹಾಕಿದ ಎದುರುಮನೆ ಆಂಟಿಗೆ, ಗಾಬರಿಯಲ್ಲೂ ಮಕ್ಕಳಿಗೆ ಫೋನಲ್ಲೇ ಕಥೆ ಹೇಳಿದ ಚಿಕ್ಕಮ್ಮನಿಗೆ, ಎಲ್ಲರಿಗೂ ಥ್ಯಾಂಕ್ಸ್.

ಲೇಹ್ ನೋಡಲಿಲ್ಲ. ಕೆಳಗಿಳಿದು, ತಾಂಡಿಯಲ್ಲಿ ಚಂದ್ರಾ, ಭಾಗಾ ಎರಡೂ ಸೇರಿ ಚಿನಾಬ್ ಆಗುವ ಜಾಗ ನೋಡಿಕೊಂಡು, ನಿಧಾನಕ್ಕೆ ವಾಪಸ್ ಬಂದೆವು. "ನಿಮ್ಮಪ್ಪ ಇದ್ದಿದ್ರೆ ಹಿಂದೆ ಕೂರ್ತಿರ್ಲಿಲ್ಲ, ಸ್ಟೇರಿಂಗ್ ಕಿತ್ಕೊತಿದ್ರು" ಅಂತ ಅಮ್ಮ ಈಗ ಎಲ್ಲರಿಗೂ ಹೇಳುತ್ತಿದ್ದಾರೆ.

ಆ ಅಕ್ಕ ಈ ಬರಹ ಓದಲ್ಲ. ನಾವಿದ್ದಾಗ ಅಲ್ಲಿ ನೆಟ್‌ವರ್ಕೂ ಸಿಗಲಿಲ್ಲ. ನಿಮ್ಮಲ್ಲಿ ಯಾರಾದರೂ ಸೆಪ್ಟೆಂಬರ್ ಒಳಗೆ ಆ ಕಡೆ ಹೋಗುವವರಿದ್ದರೆ ನನಗೆ ತಿಳಿಸಿ, ಯಾವ ಟೆಂಟು ಅಂತ ಫೋಟೋ ಕಳಿಸುತ್ತೇನೆ. ಅಮ್ಮ ಮತ್ತೆ ದೇವಸ್ಥಾನಕ್ಕೆ ನಡೆದೇ ಹೋಗುತ್ತಿದ್ದಾರೆ ಅಂತ ಹೇಳಿ. ಅಮ್ಮ ಚಟ್ನಿಪುಡಿ ಕುಟ್ಟಿ ಇಟ್ಟಿದ್ದಾರೆ, ಅದನ್ನೂ ತಗೊಂಡು ಹೋಗಬೇಕಾಗುತ್ತೆ.