ಕಸೂತಿ ಶಿಬಿರದ ಮೊದಲ ದಿನ ಜೆರಾಕ್ಸ್ ಬೇಡ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಅಲ್ಲಲ್ಲಿ ನಮ್ಮ ಸೀಮೆಯ, ಬಟ್ಟೆಯ ಎಳೆ ಎಣಿಸಿ ಹಾಕುವ ಕಸೂತಿಯ ಶಿಬಿರಗಳು ಶುರುವಾಗುತ್ತವೆ. ಸಂತೋಷ. ಆದರೆ ಬಹಳ ಕಡೆ ಮೊದಲ ದಿನವೇ ಗೋಪುರ, ತೇರು, ಆನೆಗಳ ಜೆರಾಕ್ಸ್ ಹಾಳೆ ಹಂಚಿ ‘ಇದನ್ನೇ ಹಾಕಿ’ ಎಂದುಬಿಡುತ್ತಾರೆ. ಮಕ್ಕಳು ಸೂಜಿ ಹಿಡಿಯುವುದನ್ನು ಕಲಿಯುತ್ತಾರೆ, ಸುತ್ತ ನೋಡುವುದನ್ನಲ್ಲ.

ಆ ಹಾಳೆಯಲ್ಲಿ ಇರುವುದಾದರೂ ಏನು? ತುಳಸಿ ಕಟ್ಟೆ, ತೊಟ್ಟಿಲು, ಪಲ್ಲಕ್ಕಿ, ನವಿಲು. ಎಲ್ಲವೂ ಹೊಸ್ತಿಲ ಒಳಗೋ ಹೊರಗೋ ಕಣ್ಣಿಗೆ ಬಿದ್ದವೇ. ಇಳಕಲ್ ಸೀರೆಯ ಸೆರಗಿನಲ್ಲೂ ಹಣಿಗೆ, ಜೋಳದ ತೆನೆ, ಕೋಟೆಯ ತೆನೆ, ಗುಡ್ಡದ ಸಾಲುಗಳಿವೆ. ತಲೆ ಬಾಚುವ ಹಣಿಗೆಯನ್ನೇ ಸೆರಗಿಗೇರಿಸಿದ ಸೀಮೆಯಲ್ಲಿ ಬಸ್ ನಿಲ್ದಾಣದ ಸಿಮೆಂಟ್ ಜಾಲರಿ, ಅಂಗಡಿಯ ಎಳೆಯುವ ಗೇಟು, ಹೊರಸಿನ ಹೆಣಿಗೆಗೆ ಜಾಗವಿಲ್ಲವೇ?

ಕಂಡದ್ದೆಲ್ಲ ಕಸೂತಿಗೆ ಒಗ್ಗುವುದಿಲ್ಲ, ಅದೂ ನಿಜ. ಕಸೂತಿಯ ಗಾವಂತಿ, ಅಂದರೆ ಹೋಗಿ ಬಂದು ತುಂಬುವ ಗೆರೆ ಹೊಲಿಗೆ, ಅಡ್ಡ, ಉದ್ದ, ಓರೆ ಬಿಟ್ಟು ಬೇರೆ ದಾರಿ ಹಿಡಿಯದು; ಇನ್ನೊಂದು ಹೊಲಿಗೆ ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹಾಗಾಗಿ ದುಂಡಗಿನ ಚಕ್ರ ಎಂಟು ಮೂಲೆಯದಾಗಬೇಕು. ನೇರ ಬದಿಗೆ 4 ಹೊಲಿಗೆ, ಓರೆ ಬದಿಗೆ 3 ಹೊಲಿಗೆ ಕೊಟ್ಟರೆ ಕಣ್ಣಿಗೆ ದುಂಡಗೆ ಕಾಣುತ್ತದೆ, ಏಕೆಂದರೆ ಓರೆ ಹೊಲಿಗೆ ನೇರದ್ದಕ್ಕಿಂತ ಸುಮಾರು 1.4 ಪಟ್ಟು ಉದ್ದ. ಎರಡೂ ಕಡೆ 4 ಕೊಟ್ಟರೆ ಓರೆ ಬದಿಗಳೇ ಎದ್ದು ಕಾಣುತ್ತವೆ. ಗದಗ ಸೀಮೆಯ ಗಾಳಿಯಂತ್ರಕ್ಕೆ ಬೇರೆಯೇ ತೊಡಕು: ಅದರ ಮೂರು ರೆಕ್ಕೆಗಳ ನಡುವೆ 120 ಡಿಗ್ರಿ, ನಮ್ಮ ಓರೆ 45 ಡಿಗ್ರಿ. ಒಂದು ರೆಕ್ಕೆ ನೆಟ್ಟಗೆ ಮೇಲಕ್ಕೆ, ಎರಡು ಓರೆಯಾಗಿ ಕೆಳಕ್ಕೆ, ನಡುವೆ ಕಂಬ. ಲೆಕ್ಕಕ್ಕೆ ತಪ್ಪಾದರೂ ನೋಡಿದವರಿಗೆ ಗುರುತು ಸಿಗುತ್ತದೆ. ಮಲ್ಲಿಗೆ ಬಳ್ಳಿಯ ಬಳುಕಿಗೆ ಮಾತ್ರ ಬೇರೆ ಕಸೂತಿಯೇ ಸರಿ, ಇಲ್ಲಿ ಹಟ ಬೇಡ.

ಜಾಲರಿಯ ಫೋಟೋ ತೆಗೆಯುವಾಗ ನೇರ ಎದುರಿಗೆ ನಿಲ್ಲಬೇಕು. ಪಕ್ಕದಿಂದ ತೆಗೆದರೆ ಗೆರೆಗಳು ಒಂದು ಕಡೆಗೆ ಕೂಡಿಕೊಂಡು ಅಳತೆ ಹಳ್ಳ ಹಿಡಿಯುತ್ತದೆ. ಮರುಕಳಿಸುವ ಒಂದೇ ತುಂಡನ್ನು ಆರಿಸಿ, ಐದಾರು ಮುಖ್ಯ ಗೆರೆ ಉಳಿಸಿ, ಚೌಕುಳಿ ಹಾಳೆಗೆ ಇಳಿಸಬೇಕು. ಒಂದು ಚೌಕಕ್ಕೆ ಒಂದು ಹೊಲಿಗೆ, ಒಂದು ಹೊಲಿಗೆಗೆ ಬಟ್ಟೆಯ 4 ಎಳೆ.

ಬಟ್ಟೆಯ ಎಳೆ ಎಣಿಸದೆ ಕೂತವರು ಕೆಡುವುದು ಇಲ್ಲೇ. ಒಂದು ಅಂಗುಲದಲ್ಲಿ ಹಾಸು (ಉದ್ದದ ಎಳೆ) 48, ಹೊಕ್ಕು (ಅಡ್ಡ ಎಳೆ) 40 ಇದ್ದರೆ, ಹಾಳೆಯ ಮೇಲಿನ 30 ಚೌಕ ಅಗಲ, 30 ಚೌಕ ಎತ್ತರದ ಚಿತ್ರ ಬಟ್ಟೆಯಲ್ಲಿ ಎರಡೂವರೆ ಅಂಗುಲ ಅಗಲ, ಮೂರು ಅಂಗುಲ ಎತ್ತರವಾಗುತ್ತದೆ. ಚಕ್ರ ಮೊಟ್ಟೆಯಾಗುತ್ತದೆ! ಎರಡೂ ಕಡೆ ಎಣಿಸಿ, ಬೇಕಾದರೆ ಎತ್ತರದಲ್ಲಿ ಐದು ಚೌಕ ಕಡಿಮೆ ಮಾಡಿಕೊಳ್ಳಬೇಕು. ಎಳೆ ಕಾಣದ ರೇಷ್ಮೆಯಾದರೆ ಮೇಲೆ ಜಾಳು ಬಟ್ಟೆ ಟಾಕಿಸಿ ಅದರ ಎಳೆ ಎಣಿಸಿ ಹಾಕಿ, ಮುಗಿದ ಮೇಲೆ ಆ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು.

ಗಾವಂತಿಯಲ್ಲಿ ಗಂಟಿಲ್ಲ. ಎರಡಂಗುಲ ದಾರ ಬಾಲ ಬಿಟ್ಟು ಹೊರಟು, ಹೋಗುವಾಗ ಒಂದು ಬಿಟ್ಟು ಒಂದು ಮನೆ (ಒಂದು ಹೊಲಿಗೆಯ ಜಾಗ) ಹಾಕಿ, ಬರುವಾಗ ಬಿಟ್ಟ ಮನೆ ತುಂಬಬೇಕು. ಕವಲು ಸಿಕ್ಕಿದಲ್ಲಿ ತುದಿಯವರೆಗೆ ಹೋಗಿ ಅಲ್ಲಿಂದಲೇ ವಾಪಸಾಗಿ ಮುಂದುವರಿದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ಆಗುತ್ತದೆ. ಗೆರೆಗಳು ಒಂದಕ್ಕೊಂದು ಕೂಡಿದ ಯಾವ ಚಿತ್ರಕ್ಕೂ ಇದು ಸಾಧ್ಯ. ಎಳೆಯುವ ಗೇಟಿನ ಡೈಮಂಡುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ಎಲ್ಲೂ ದಾರ ಕತ್ತರಿಸಬೇಕಿಲ್ಲ. ಬಿಡಿ ಚುಕ್ಕೆ ಬಂದಾಗಲೇ ಕಷ್ಟ, ಹಿಂದೆ ದಾರ ಹಾರಿ ಕಾಣುತ್ತದೆ. ನವಿಲಿನ ಕಣ್ಣನ್ನು ತಲೆಯ ಗೆರೆಗೆ ಒಂದು ಹೊಲಿಗೆಯಿಂದ ಕೂಡಿಸಿದರೆ ಆಯಿತು. ಇಡೀ ಮೈ ತುಂಬಲು ನೇಯ್ಗೆಯಂತೆ ಕಾಣುವ ನೇಯ್ಗಿ, ಅಡ್ಡಗೂಡಿಸುವ ಮೆಂತಿ ಎಂಬ ಹೊಲಿಗೆಗಳಿವೆ, ಆದರೆ ಅವುಗಳ ಹಿಂಬದಿ ಮುಂಬದಿಯಂತಿರದು.

ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಹೊಸ ಚಿತ್ರ ತಂದರೆ ಪರಂಪರೆ ಕೆಡುತ್ತದೆ ಎಂಬ ಅಳುಕು ಕೆಲವರದು. ಹಳೆಯ ಗೋಪುರವನ್ನೇ ಬಟ್ಟೆಯ ಮೇಲೆ ಅಚ್ಚೊತ್ತಿ ಮಾರುವಾಗ ಕೆಡದ ಪರಂಪರೆ, ಎಳೆ ಎಣಿಸಿ ಹಾಕಿದ ಗಾಳಿಯಂತ್ರದಿಂದ ಹೇಗೆ ಕೆಟ್ಟೀತು?

ಹತ್ತು ದಿನದ ಶಿಬಿರವಾದರೆ ಮೊದಲ ಎರಡು ದಿನ ಸೂಜಿ ಕೊಡಬೇಡಿ. ಪೆನ್ಸಿಲ್, ಚೌಕುಳಿ ಹಾಳೆ ಕೊಟ್ಟು ಮಕ್ಕಳನ್ನು ಓಣಿಗೆ ಕಳಿಸಿ. ಜೆರಾಕ್ಸ್ ಹಾಳೆಯನ್ನು ಮೂರನೆಯ ದಿನ ತೋರಿಸಿದರೂ ನಡೆದೀತು.

– ಕಸೂತಿ ಅಭ್ಯಾಸಿಗಳು, ಧಾರವಾಡ